ಹಳೆಯ ಕ್ರೀಡಾ ಮೋಟಾರನ್ನು ಕೊಳ್ಳುವವರಿಗೆ



ಮೋಟಾರು ಬಂಡಿಗಳಲ್ಲಿ ಉಪಯೋಗಕ್ಕಾಗಿ ಇರತಕ್ಕವು ಕೆಲವು, ಸಂತೋಷಕ್ಕಾಗಿ ಇರತಕ್ಕವು ಕೆಲವು. ಇಬ್ಬರು ಮಾತ್ರ ಕುಳಿತುಕೊಳ್ಳಬಹುದಾದ, ಬೇಕೆಂದಾಗ ಮೇಲಣ ಟಾಪನ್ನು ಮಡಿಸಿ ಹಿಂದಕ್ಕೆ ಸರಿಸಬಹುದಾದ, ತಗ್ಗು ಮೈಯ ಕ್ರೀಡಾ ಮೋಟಾರು ಈ ಎರಡನೆಯ ಜಾತಿಗೆ ಸೇರಿದುದು. ಅದರಲ್ಲಿ ಸಂಸಾರಸಮೇತವಾಗಿ ಪ್ರಯಾಣ ಮಾಡುವಂತಿಲ್ಲ. ದೊಡ್ಡದೊಂದು ಪೆಟ್ಟಿಗೆಯನ್ನಿಡಲು ಸ್ಥಳವಿಲ್ಲ. ಜೋರು ಮಳೆ ಬಂದರೆ ಟಾಪಿನ ಅಂಚಿನಿಂದ ಒಂದೆರಡು ಹನಿ ಮಡಿಲಿಗೆ ಬೀಳುವುದೂ ಉಂಟು. ಇಷ್ಟೆಲ್ಲ ತಿಳಿದಿದ್ದರೂ, ಹಸುರು ಬಯಲಿನ ನಡುವಣ ಅಂಕುಡೊಂಕಾದ ದಾರಿಯಲ್ಲಿ, ಬಿಸಿಲು ಗಾಳಿಗಳಿಗೆ ಮುಖವೊಡ್ಡಿ, ಬಂಡಿಯೂ ತಾನೂ ಒಂದೇ ಎಂಬಂತೆ ಸಾಗಬೇಕೆಂಬ ಆಸೆ ಅನೇಕರಿಗೆ ಇದೆ. ಆ ಆಸೆಯನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಅದನ್ನು ಮಿತವಾದ ಹಣದಲ್ಲಿ, ಪಶ್ಚಾತ್ತಾಪಕ್ಕೆ ಎಡೆಯಿಲ್ಲದಂತೆ ತೀರಿಸಿಕೊಳ್ಳುವ ಬಗೆ ಹೇಗೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಹೊಸ ಬಂಡಿಯನ್ನು ಕೊಳ್ಳಬಲ್ಲ ಧನಿಕರಿಗೆ ಸಲಹೆಯ ಅಗತ್ಯವಿಲ್ಲ. ಅವರ ತಪ್ಪನ್ನು ಅವರ ಹಣವೇ ತಿದ್ದುತ್ತದೆ. ಸಂಬಳದಲ್ಲಿ ತಿಂಗಳು ತಿಂಗಳೂ ಸ್ವಲ್ಪ ಮಿಗಿಸಿ, ಆ ಗಂಟಿನಿಂದ ಇಪ್ಪತ್ತು, ಮೂವತ್ತು, ಐವತ್ತು ವರ್ಷಗಳ ಹಳೆಯ ಬಂಡಿಯನ್ನು ಕೊಳ್ಳಹೊರಟವರ ಸ್ಥಿತಿ ಬೇರೆ. ಅವರು ಕೊಳ್ಳುವುದು ಒಂದೇ ಬಾರಿ. ಆ ಒಂದು ಆಯ್ಕೆ ಕೆಟ್ಟರೆ ಬಂಡಿಯೂ ಓಡುವುದಿಲ್ಲ, ಹಣವೂ ಮರಳುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಒಳಗೆ ಜೀರ್ಣವಾದ ತೆರೆದ ಬಂಡಿಯು ಅಪಘಾತದ ಸಮಯದಲ್ಲಿ ಕುಳಿತವರನ್ನು ಕಾಪಾಡಲಾರದು. ಆದಕಾರಣ ಈ ವಿಷಯವು ವಿನೋದದ್ದೆಂದು ಕಂಡರೂ ಇದರಲ್ಲಿ ಪ್ರಾಣದ ಮಾತೂ ಸೇರಿಕೊಂಡಿದೆ.

ಈ ಜಾತಿಯ ಬಂಡಿಗಳಿಗೆ ತೌರುಮನೆ ಇಂಗ್ಲೆಂಡು. ಅಲ್ಲಿನ ಆಬಿಂಗ್ಡನ್ ಎಂಬ ಊರಿನಲ್ಲಿ 1945ರಿಂದ 1949ರ ವರೆಗೆ ಎಂ. ಜಿ. ಕಾರ್ಖಾನೆಯವರು ತಯಾರಿಸಿದ ‘ಟಿ. ಸಿ.’ ಎಂಬ ಪುಟ್ಟ ಬಂಡಿಯು 1250 ಘನ ಸೆಂಟಿಮೀಟರಿನ ಎಂಜಿನ್ನಿನದು. ತಯಾರಾದವು ಸುಮಾರು ಹತ್ತು ಸಾವಿರ. ಅದನ್ನು ಕಂಡೇ ಅಮೆರಿಕದವರಿಗೂ ಇಂಥ ಬಂಡಿಗಳ ರುಚಿ ಹತ್ತಿತೆಂದು ಹೇಳುವುದುಂಟು. ನಮ್ಮ ದೇಶದಲ್ಲಿ ಈ ಜಾತಿ ತೀರ ವಿರಳ. 1990ರ ದಶಕದ ಕೊನೆಯಲ್ಲಿ ಬಂದ ‘ಸ್ಯಾನ್ ಸ್ಟಾರ್ಮ್’ ಎಂಬ, ರೆನೋ ಎಂಜಿನ್ನಿನ ಎರಡಾಸನದ ಬಂಡಿಯೊಂದುಂಟು. ಅದೂ ಸ್ವಲ್ಪ ಸಂಖ್ಯೆಯಲ್ಲಿ ಹೊರಬಂದು ನಿಂತುಹೋಯಿತು. ಸಾಧಾರಣ ಸಂಬಳದವನು ಹಳೆಯ ಕ್ರೀಡಾ ಮೋಟಾರುಗಳನ್ನು ಹತ್ತಾರು ಕಡೆ ನೋಡಿ, ಹೋಲಿಸಿ, ಆರಿಸಿಕೊಳ್ಳಬಹುದಾದ ಪೇಟೆ ಇಂದಿಗೂ ಬ್ರಿಟನ್ನಿನದೇ. ವೈದ್ಯರಾಗಿ, ಎಂಜಿನಿಯರುಗಳಾಗಿ ಅಲ್ಲಿ ನೆಲಸಿರುವ ನಮ್ಮವರೂ ಬಹು ಮಂದಿ. ಆದುದರಿಂದ ಆ ಪೇಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮಾತನಾಡುತ್ತೇವೆ. ಇಲ್ಲಿ ಹೇಳುವ ತತ್ತ್ವಗಳು ಮೈಸೂರಿನಲ್ಲಿ ಹಳೆಯ ಬಂಡಿಯನ್ನು ಕೊಳ್ಳುವವರಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಮಿತವ್ಯಯಿಗಳ ಕೈಗೆ ಎಟಕುವ ಬಂಡಿಗಳಲ್ಲಿ ಮೂರನ್ನು ಮುಖ್ಯವಾಗಿ ಹೇಳಬಹುದು. ಮೊದಲನೆಯದು ಎಂ. ಜಿ. ಬಿ. ಇದು ಆಬಿಂಗ್ಡನ್ನಿನಲ್ಲಿ 1962ರಿಂದ 1980ರ ವರೆಗೆ ತಯಾರಾಯಿತು. ಎಂಜಿನ್ನು 1798 ಘನ ಸೆಂಟಿಮೀಟರಿನದು. ಮುಚ್ಚಿದ ಮೈಯ ‘ಜಿ. ಟಿ.’ ಬಂಡಿಗಳನ್ನೂ ಸೇರಿಸಿದರೆ ಒಟ್ಟು ಸಂಖ್ಯೆ ಐದು ಲಕ್ಷಕ್ಕೆ ಮೇಲೆ. ಎರಡನೆಯದು ಕವೆಂಟ್ರಿಯ ಟ್ರಯಂಫ್ ಸ್ಪಿಟ್‌ಫೈರ್. ಇದರ ಕಾಲವೂ 1962ರಿಂದ 1980ರ ವರೆಗೆ; ರೂಪವನ್ನು ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಮೂರನೆಯದು ಜಪಾನಿನ ಹಿರೋಷಿಮಾದ ಮಾಜ್ಡಾ ಎಂ. ಎಕ್ಸ್. 5. ಹಳೆಯ ಇಂಗ್ಲಿಷ್ ಬಂಡಿಗಳ ಸೊಗಸನ್ನು ಉಳಿಸಿಕೊಂಡು ಅವುಗಳ ರೋಗಗಳನ್ನು ಬಿಟ್ಟುಬಿಡಬೇಕೆಂಬ ಸಂಕಲ್ಪದಿಂದ ಹುಟ್ಟಿ, 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಬಂಡಿಯು 2016ರ ವೇಳೆಗೆ ಹತ್ತು ಲಕ್ಷ ಸಂಖ್ಯೆಯನ್ನು ಮುಟ್ಟಿತು.

ಈ ಮೂರರಲ್ಲಿ ಯಾವುದನ್ನು ಆರಿಸಿದರೂ ನೆನಪಿನಲ್ಲಿಡತಕ್ಕ ಸೂತ್ರ ಒಂದೇ: ಕೊಳ್ಳುವವನು ಬಂಡಿಯ ಮೈಯನ್ನು ಕೊಳ್ಳಬೇಕು, ಎಂಜಿನ್ನು, ಬಣ್ಣ, ಹೆಸರು ಇವೆಲ್ಲ ಆಮೇಲಿನ ಮಾತು. ಮೈ ಎಂದರೆ ಉಕ್ಕಿನ ಒಡಲು. ಎಂಜಿನ್ನು ಕೆಟ್ಟರೆ ಇಳಿಸಿ, ಬಿಚ್ಚಿ, ಹೊಸ ಭಾಗ ಹಾಕಿ ಮತ್ತೆ ಕೂರಿಸಬಹುದು. ಅದರ ವೆಚ್ಚವನ್ನು ಮೊದಲೇ ಅಂದಾಜು ಮಾಡಬಹುದು. ಒಡಲು ತುಕ್ಕು ಹಿಡಿದರೆ ವೆಚ್ಚಕ್ಕೆ ತಳವೇ ಕಾಣುವುದಿಲ್ಲ. ಒಂದು ತಗಡನ್ನು ಕತ್ತರಿಸಿ ತೆಗೆದರೆ ಅದರ ಹಿಂದಣ ತಗಡು ಜಾಳಾಗಿರುವುದು ಕಾಣುತ್ತದೆ. ಅದನ್ನು ತೆಗೆದರೆ ಮತ್ತೊಂದು. ಸಾಧಾರಣ ಬಂಡಿಯೊಂದರ ಒಡಲನ್ನು ಪೂರ್ತಿಯಾಗಿ ಬೆಸುಗೆ ಹಾಕಿಸಿ ಬಣ್ಣ ಬಳಿಸುವ ವೆಚ್ಚವು ಆ ಬಂಡಿಯ ಬೆಲೆಯನ್ನೇ ಮೀರಿಹೋಗುವುದು ಅಪರೂಪವಲ್ಲ.

ತೆರೆದ ಬಂಡಿಗೆ ಈ ಅಪಾಯ ಏಕೆ ಹೆಚ್ಚೆಂಬುದನ್ನು ತಿಳಿಯಬೇಕು. ಮುಚ್ಚಿದ ಬಂಡಿಯಲ್ಲಿ ಮಾಡು, ಕಂಬಗಳು, ನೆಲ ಇವೆಲ್ಲ ಸೇರಿ ಒಂದು ಪೆಟ್ಟಿಗೆಯಾಗುತ್ತದೆ. ಪೆಟ್ಟಿಗೆಯನ್ನು ತಿರುಚುವುದು ಕಷ್ಟ. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮಾಡಿಲ್ಲದ ಬಂಡಿಯ ಬಲವೆಲ್ಲ ನೆಲದಲ್ಲಿಯೂ, ಎರಡು ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಟೊಳ್ಳು ತೊಲೆಗಳಲ್ಲಿಯೂ ಇರುತ್ತದೆ. ಈ ತೊಲೆಗಳಿಗೆ ಸಿಲ್ ಎಂದು ಹೆಸರು. ಎಂ. ಜಿ. ಬಿ.ಯಲ್ಲಿ ಬೇರೆ ಷಾಸಿ ಇಲ್ಲ, ಒಡಲೇ ಷಾಸಿ, ಹಲವು ಪದರಗಳ ಸಿಲ್ಲೇ ಅದರ ಬೆನ್ನೆಲುಬು. ಸ್ಪಿಟ್‌ಫೈರಿಗೆ ನಡುವೆ ಕಿರಿದಾದ ಬೇರೆ ಷಾಸಿಯುಂಟು. ಆದರೂ ಅದಕ್ಕೆ ಪಕ್ಕದ ಆಸರೆಗಳಿಲ್ಲದ ಕಾರಣ ಅಲ್ಲಿಯೂ ಸಿಲ್ಲುಗಳೇ ಒಡಲನ್ನು ನೆಟ್ಟಗೆ ನಿಲ್ಲಿಸುತ್ತವೆ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ದಾರಿಯ ಮೇಲೆ ಹಿಮ ಗಟ್ಟಿಯಾಗದಿರಲೆಂದು ಉಪ್ಪು ಚೆಲ್ಲುತ್ತಾರೆ. ಚಕ್ರಗಳು ಚಿಮ್ಮಿಸುವ ಆ ಉಪ್ಪುನೀರು ಸಿಲ್ಲಿನ ಸಂದುಗಳಲ್ಲಿ ನಿಂತು, ಒಳಗಿನಿಂದ ಹೊರಕ್ಕೆ ಉಕ್ಕನ್ನು ತಿನ್ನುತ್ತದೆ. ಹೊರಗೆ ಬಣ್ಣದ ಮೇಲೆ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಒಳಗೆ ಬಹುಪಾಲು ಹೋಗಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಂಥ ಬಂಡಿಗಳಿಗೆ ಅಕ್ಷರಶಃ ಸಲ್ಲುತ್ತದೆ.

ಹಾಗಾದರೆ ಒಡಲನ್ನು ಪರೀಕ್ಷಿಸುವುದು ಹೇಗೆ? ಹಗಲಿನಲ್ಲಿ, ಮಳೆಯಿಲ್ಲದ ವೇಳೆಯಲ್ಲಿ ನೋಡತಕ್ಕದ್ದು. ಒದ್ದೆಯಾದ ಬಣ್ಣವೆಲ್ಲ ಚೆಲುವಾಗಿಯೇ ಕಾಣುತ್ತದೆ. ಮೊದಲು ದೂರ ನಿಂತು ಬಾಗಿಲಿಗೂ ಮೈಗೂ ನಡುವಣ ಸಂದನ್ನು ನೋಡಿರಿ. ಅದು ಮೇಲೆಯೂ ಕೆಳಗೆಯೂ ಒಂದೇ ಅಗಲವಾಗಿರಬೇಕು. ಮೇಲ್ಗಡೆ ಕಿರಿದಾಗಿ ಕೆಳಗಡೆ ಅಗಲವಾಗಿದ್ದರೆ ನಡು ಕುಸಿಯುತ್ತಿದೆಯೆಂದು ಊಹಿಸಬೇಕು. ಆಮೇಲೆ, ಮಾರುವವರ ಅನುಮತಿಯಿಂದ ಬಂಡಿಯ ಒಂದು ಮಗ್ಗುಲನ್ನು ಜಾಕಿನಿಂದ ಮೇಲಕ್ಕೆತ್ತಿ ಬಾಗಿಲನ್ನು ತೆರೆದು ಮುಚ್ಚಿರಿ. ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ತಗುಲಿಕೊಂಡರೆ ಆ ಒಡಲಿನಲ್ಲಿ ಶಕ್ತಿಯಿಲ್ಲ. ಜಾಕಿನ ಮೇಲೆ ನಿಂತ ಬಂಡಿಯ ಕೆಳಗೆ ಮಾತ್ರ ಯಾರೂ ನುಸುಳಬಾರದು. ಸಿಲ್ಲಿನ ಉದ್ದಕ್ಕೂ, ಚಕ್ರಗಳ ಮೇಲಣ ಕಮಾನಿನ ಸುತ್ತಲೂ ತೆಳುಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಸರಿಸಿ ನೋಡಿರಿ. ಅದು ಹಿಡಿಯದ ಕಡೆ ಬಣ್ಣದ ಕೆಳಗಿರುವುದು ಉಕ್ಕಲ್ಲ, ಪುಟ್ಟಿ. ಕಾಲಡಿಯ ರತ್ನಗಂಬಳಿಯನ್ನು ಎತ್ತಿ ನೆಲವನ್ನು ಮುಟ್ಟಿ ನೋಡುವುದಕ್ಕೂ ನಾಚಿಕೆ ಬೇಡ.

ಮಾಜ್ಡಾ ಬಂಡಿಯಲ್ಲಿ ಈ ರೋಗಕ್ಕೆ ಮತ್ತೊಂದು ದಾರಿಯುಂಟು. ಟಾಪಿನ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದಣ ತೋಡಿಗೆ ಇಳಿದು, ಎರಡು ಪಕ್ಕದ ಕೊಳವೆಗಳ ಮೂಲಕ ಕೆಳಕ್ಕೆ ಹರಿದುಹೋಗಬೇಕು. ಮರದಡಿಯಲ್ಲಿ ನಿಲ್ಲಿಸಿದ ಬಂಡಿಯ ಕೊಳವೆಗಳಲ್ಲಿ ಎಲೆ, ಕಸ ಸೇರಿ ಕಟ್ಟಿಕೊಳ್ಳುತ್ತವೆ. ಆಗ ನೀರು ಅಲ್ಲಿಯೇ ನಿಂತು ಹಿಂಚಕ್ರದ ಮುಂದಿರುವ ಸಿಲ್ಲಿನ ಕೊನೆಯನ್ನು ತಿನ್ನುತ್ತದೆ. ಆಸನಗಳ ಹಿಂದಣ ಕಂಬಳಿ ತೇವವಾಗಿದ್ದರೆ ಅಥವಾ ಒಳಗೆ ಮುಗ್ಗಲು ವಾಸನೆ ಬಂದರೆ ಆ ಭಾಗವನ್ನು ವಿಶೇಷವಾಗಿ ನೋಡಬೇಕು. ವರ್ಷಕ್ಕೆರಡು ಸಲ ಕೊಳವೆಗಳನ್ನು ಶುಚಿಮಾಡಿದ್ದರೆ ಬಾರದಿದ್ದ ಕೇಡು ಇದು. ಮೊದಲಿನ ಒಡೆಯನ ಸ್ವಭಾವವನ್ನು ಹೇಳುವ ಸಾಕ್ಷಿಯೂ ಹೌದು. 1998ರಿಂದ 2005ರ ವರೆಗಿನ ಎರಡನೆಯ ಮಾದರಿಯಲ್ಲಿ ಎಂಜಿನ್ನಿನ ಎರಡು ಪಕ್ಕದಲ್ಲಿ ಮುಂದಕ್ಕೆ ಚಾಚಿದ ತೊಲೆಗಳೂ ಒಳಗಿನಿಂದ ತುಕ್ಕು ಹಿಡಿಯುವುದುಂಟು. ಮೇಲಿನಿಂದ ನೋಡಿದರೆ ಇದು ಕಾಣದು. ಗ್ಯಾರೇಜಿನಲ್ಲಿ ಬಂಡಿಯನ್ನು ಎತ್ತರಕ್ಕೆ ಏರಿಸಿಯೇ ಪರೀಕ್ಷಿಸಬೇಕು.

ಒಡಲು ಗಟ್ಟಿಯೆಂದು ತಿಳಿದ ಮೇಲೆ ಎಂಜಿನ್ನಿನ ಕಡೆಗೆ ತಿರುಗೋಣ. ನೀವು ಹೋಗುವ ಮುನ್ನ ಎಂಜಿನ್ನನ್ನು ನಡೆಸಬಾರದೆಂದು ಮಾರುವವರನ್ನು ಕೇಳಿಕೊಳ್ಳಿರಿ. ತಣ್ಣಗಿರುವ ಎಂಜಿನ್ನು ತನ್ನ ದೋಷಗಳನ್ನು ಮುಚ್ಚಿಡಲಾರದು. ಹೊರಡುವಾಗ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆಯೆಂದು ಅರ್ಥ. ಬಿಸಿಯಾದ ಮೇಲೂ ಬಿಳಿಯ ಆವಿ ನಿಲ್ಲದಿದ್ದರೆ ನೀರು ಉರುಳೆಗಳೊಳಕ್ಕೆ ಸೋರುತ್ತಿರಬಹುದು. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಎಣ್ಣೆಯ ಒತ್ತಡದ ಮುಳ್ಳು ಎಲ್ಲಿ ನಿಲ್ಲುತ್ತದೆಂಬುದನ್ನು ಗಮನಿಸತಕ್ಕದ್ದು. ಸ್ಪಿಟ್‌ಫೈರಿಗೆ ಪ್ರತ್ಯೇಕವಾದ ಪರೀಕ್ಷೆಯೊಂದುಂಟು: ಒಬ್ಬರು ಕ್ಲಚ್ಚನ್ನು ತುಳಿಯುತ್ತಿರಲು, ಮತ್ತೊಬ್ಬರು ನಿಂತ ಎಂಜಿನ್ನಿನ ಮುಂದಣ ಪುಲಿಯನ್ನು ನೋಡಬೇಕು. ಅದು ಕಣ್ಣಿಗೆ ಕಾಣುವಷ್ಟು ಹಿಂದುಮುಂದಕ್ಕೆ ಸರಿದರೆ ಒಳಗಿನ ಒತ್ತುಬಿಲ್ಲೆಗಳು ಸವೆದಿವೆ. ಅವು ಕಳಚಿ ಬಿದ್ದರೆ ಎಂಜಿನ್ನಿನ ಒಡಲೇ ಹಾಳಾಗುತ್ತದೆ. ಈ ಬಂಡಿಯ ಮೂತಿಯೆಲ್ಲ ಒಂದೇ ಮುಚ್ಚಳವಾಗಿ ಮುಂದಕ್ಕೆ ಬಾಗುವುದರಿಂದ ಪರೀಕ್ಷೆಗೆ ಅನುಕೂಲವೇ ಹೆಚ್ಚು.

ಸ್ಪಿಟ್‌ಫೈರಿನ ಬಗ್ಗೆ ಇನ್ನೊಂದು ಮಾತು ನಮ್ಮವರಿಗೆ ಸ್ವಾರಸ್ಯವಾಗಬಹುದು. 1961ರಿಂದ ಹಲವು ವರ್ಷ ಮದರಾಸಿನಲ್ಲಿ ತಯಾರಾಗಿ, ಬೆಂಗಳೂರು ಮೈಸೂರುಗಳ ಎಷ್ಟೋ ಮನೆಗಳ ಮುಂದೆ ನಿಂತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂಡಿಯು ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ. ಸ್ಪಿಟ್‌ಫೈರು ಅದೇ ಹೆರಾಲ್ಡಿನ ಮನೆತನದ್ದು. ಹೆರಾಲ್ಡನ್ನು ನಡೆಸಿದವರಿಗೆ ಅದರ ಹಿಂಚಕ್ರಗಳ ಸ್ವಭಾವವೂ ತಿಳಿದಿರುತ್ತದೆ. ವೇಗವಾಗಿ ತಿರುವಿನಲ್ಲಿ ಹೋಗುತ್ತಿರುವಾಗ ಥಟ್ಟನೆ ಕಾಲನ್ನು ಹಿಂದಕ್ಕೆಳೆದರೆ ಹಿಂಚಕ್ರಗಳು ಒಳಕ್ಕೆ ಮಡಿಸಿಕೊಂಡು ಬಂಡಿ ಹಿಡಿತ ತಪ್ಪುವ ಸಂಭವವಿತ್ತು. 1970ರಲ್ಲಿ ಬಂದ ನಾಲ್ಕನೆಯ ಮಾದರಿಯಿಂದ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದರು. ಹೊಸಬರು ಅದರ ಈಚಿನವುಗಳನ್ನೇ ಆರಿಸುವುದು ಕ್ಷೇಮ.

ಎಂ. ಜಿ. ಬಿ.ಯ ಎಂಜಿನ್ನು ಒರಟಾದರೂ ಬಹು ಸಹಿಷ್ಣು. 1964ರ ಕೊನೆಯ ಭಾಗದವರೆಗೆ ಅದರ ಮುಖ್ಯ ದಂಡಕ್ಕೆ ಮೂರು ಬೇರಿಂಗುಗಳಿದ್ದುವು, ಆಮೇಲೆ ಐದು. ಎರಡನೆಯ ಬಗೆ ಹೆಚ್ಚು ಕಾಲ ಬಾಳುತ್ತದೆ. 1974ರ ಕೊನೆಯಿಂದ ಅಮೆರಿಕದ ಕಾನೂನಿಗೆ ಹೊಂದಿಸಲೆಂದು ಮುಂದೆಯೂ ಹಿಂದೆಯೂ ಕಪ್ಪು ರಬ್ಬರಿನ ದಪ್ಪ ಬಂಪರುಗಳನ್ನು ಹಾಕಿ, ಬಂಡಿಯನ್ನು ಸ್ವಲ್ಪ ಎತ್ತರಿಸಿದರು. ರಸಿಕರು ಅದನ್ನು ಒಪ್ಪಲಿಲ್ಲ. ಆದುದರಿಂದಲೇ ಅವುಗಳ ಬೆಲೆ ಕ್ರೋಮಿಯಂ ಬಂಪರಿನವುಗಳಿಗಿಂತ ಕಡಮೆ. ಕೈಯಲ್ಲಿ ಹಣ ಕಡಮೆಯಿದ್ದವರಿಗೆ ಇದೇ ಅನುಕೂಲ. ಅದೇ ಬೆಲೆಗೆ ಸಿಕ್ಕುವ ಶಿಥಿಲವಾದ ಕ್ರೋಮಿಯಂ ಬಂಡಿಗಿಂತ ಗಟ್ಟಿಯಾದ ರಬ್ಬರಿನ ಬಂಡಿ ನೂರು ಪಾಲು ಮೇಲು. ಈ ಬಂಡಿಗೆ ಇನ್ನೊಂದು ಭಾಗ್ಯವುಂಟು. ಹಳೆಯ ಅಚ್ಚುಗಳನ್ನು ಉಪಯೋಗಿಸಿ ಹೊಚ್ಚ ಹೊಸ ಒಡಲುಗಳನ್ನು 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯವರು ತಯಾರಿಸತೊಡಗಿದರು. ಚಿಕ್ಕ ತಿರುಪಿನಿಂದ ಹಿಡಿದು ಪೂರ್ತಿ ಒಡಲಿನವರೆಗೆ ದೊರೆಯುವ ಹಳೆಯ ಬಂಡಿ ಇಂಥದು ಮತ್ತೊಂದಿಲ್ಲವೆಂದರೂ ತಪ್ಪಾಗಲಾರದು.

ಮಾಜ್ಡಾ ಎಂಜಿನ್ನು ಮೂರರಲ್ಲಿ ನಂಬಿಕೆಗೆ ಹೆಚ್ಚು ಅರ್ಹ. ಮೊದಲಿನದು 1.6 ಲೀಟರಿನದು, ನಾಲ್ಕೈದು ವರ್ಷಗಳ ತರುವಾಯ 1.8 ಲೀಟರಿನದೂ ಬಂದಿತು. ಅದರ ಟೈಮಿಂಗ್ ಬೆಲ್ಟನ್ನು ಸುಮಾರು ಒಂದು ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು. ಬದಲಾಯಿಸಿದುದಕ್ಕೆ ರಸೀದಿ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಎಣಿಸಿ ಬೆಲೆಯಲ್ಲಿ ಅದನ್ನು ಕಳೆಯತಕ್ಕದ್ದು. 1989ರಿಂದ 1991ರ ಆದಿಯವರೆಗಿನ ಎಂಜಿನ್ನುಗಳಲ್ಲಿ ಮುಂದಣ ಪುಲಿಯನ್ನು ಹಿಡಿಯುವ ಕೀಲಿಯ ಭಾಗ ದುರ್ಬಲವಾಗಿತ್ತು. ಪುಲಿಯು ಸೊಟ್ಟಗೆ ತಿರುಗುತ್ತಿದ್ದರೆ ಆ ಬಂಡಿಯನ್ನು ಬಿಡುವುದು ಲೇಸು. ಜಪಾನಿನಲ್ಲಿಯೇ ಮಾರಾಟವಾಗಿ ಆಮೇಲೆ ಬ್ರಿಟನ್ನಿಗೆ ಬಂದವಕ್ಕೆ ‘ಯೂನೋಸ್ ರೋಡ್‌ಸ್ಟರ್’ ಎಂಬ ಹೆಸರಿರುತ್ತದೆ. ಹೆಸರು ಬೇರೆಯಾದರೂ ಬಂಡಿ ಅದೇ.

ಗೇರುಗಳನ್ನು ಏರಿಸಿ ಇಳಿಸಿ ಶಬ್ದವನ್ನು ಕೇಳಿರಿ. ಟಾಪನ್ನು ನೀವೇ ಒಮ್ಮೆ ಮಡಿಸಿ, ಮತ್ತೆ ಹರಡಿ ನೋಡಿರಿ. ಬಟ್ಟೆಯ ಹರಕು, ಹಿಂದಣ ಪ್ಲಾಸ್ಟಿಕ್ ಕಿಟಕಿಯ ಬಿರುಕು ಇವು ಪ್ರಾಣಾಂತಿಕವಲ್ಲ; ಹೊಸ ಟಾಪಿನ ಬೆಲೆಯನ್ನು ವಿಚಾರಿಸಿಕೊಂಡು ಅಷ್ಟನ್ನು ಚೌಕಾಸಿಯಲ್ಲಿ ಇಳಿಸಬಹುದು. ಗುಣವಾಗುವ ಕಾಯಿಲೆಗೂ ಗುಣವಾಗದ ಕಾಯಿಲೆಗೂ ಇರುವ ಭೇದವನ್ನು ತಿಳಿದವನೇ ಜಾಣ ಗಿರಾಕಿ.

ಕಾಗದಪತ್ರಗಳ ವಿಷಯದಲ್ಲಿ ಎರಡು ಮಾತು. ಬ್ರಿಟನ್ನಿನಲ್ಲಿ ಪ್ರತಿವರ್ಷ ಬಂಡಿಗಳಿಗೆ ಎಂ. ಒ. ಟಿ. ಎಂಬ ಯೋಗ್ಯತಾಪರೀಕ್ಷೆ ನಡೆಯುತ್ತದೆ. ಬಂಡಿಯ ಸಂಖ್ಯೆಯೊಂದು ತಿಳಿದಿದ್ದರೆ ಹಿಂದಿನ ಪರೀಕ್ಷೆಗಳ ಫಲವನ್ನೂ, ಆಗಿನ ಮೈಲಿಗಳ ಲೆಕ್ಕವನ್ನೂ ಸರ್ಕಾರದ ಅಂತರಜಾಲ ತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಸಿಲ್ಲಿನ ತುಕ್ಕಿನ ಬಗ್ಗೆ ವರ್ಷವರ್ಷವೂ ಎಚ್ಚರಿಕೆ ಬರೆದಿದ್ದು, ಒಂದು ವರ್ಷ ಅದು ಮಾಯವಾಗಿದ್ದರೆ, ಸರಿಯಾದ ಬೆಸುಗೆ ನಡೆಯಿತೋ ಬರಿಯ ಬಣ್ಣ ಬಳಿದರೋ ಎಂದು ಕೇಳತಕ್ಕದ್ದು. ಆದರೆ ನಲವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ ಬಂಡಿಗಳಿಗೆ 2018ರಿಂದ ಈ ಪರೀಕ್ಷೆ ಕಡ್ಡಾಯವಲ್ಲ. ಅವಕ್ಕೆ ರಸ್ತೆಯ ತೆರಿಗೆಯೂ ಇಲ್ಲ. ಎಂ. ಜಿ. ಬಿ., ಸ್ಪಿಟ್‌ಫೈರುಗಳೆಲ್ಲ ಈ ವರ್ಗಕ್ಕೆ ಸೇರಿದುವು. ತೆರಿಗೆಯಿಲ್ಲದಿರುವುದು ಲಾಭ, ಪರೀಕ್ಷೆಯಿಲ್ಲದಿರುವುದು ಅಪಾಯ. ಅಂಥ ಬಂಡಿಗೆ ಹೊಸದಾಗಿ ಪರೀಕ್ಷೆ ಮಾಡಿಸಿಕೊಡಿರೆಂದು ಕೇಳಲು ಕೊಳ್ಳುವವರಿಗೆ ಅಧಿಕಾರವುಂಟು. ಒಲ್ಲೆನೆಂದವರ ಉತ್ತರವೂ ಒಂದು ಉತ್ತರವೇ. ಇನ್ನು ನೋಂದಣಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಅವರೇ ಒಡೆಯರೆಂದು ನಿರ್ಧಾರವಾಗುವುದಿಲ್ಲ. ಒಡಲಿನ ಮೇಲಣ ಸಂಖ್ಯೆ ಪುಸ್ತಕದ ಸಂಖ್ಯೆಗೆ ಸರಿಹೋಗುತ್ತದೆಯೆ, ಬಂಡಿಯ ಮೇಲೆ ತೀರದ ಸಾಲವಿದೆಯೆ ಎಂಬುದನ್ನೂ ವಿಚಾರಿಸಬೇಕು.

ಕೊನೆಯದು ಹಣದ ಲೆಕ್ಕ. ಕೈಯಲ್ಲಿ ಐದು ಸಾವಿರ ಪೌಂಡು ಇದೆಯೆಂದು ಭಾವಿಸೋಣ. ಐದು ಸಾವಿರದ ಬಂಡಿಯನ್ನು ಕೊಂಡವನು ಮರುದಿನವೇ ಬಡವನಾಗುತ್ತಾನೆ. ನಾಲ್ಕು ಸಾವಿರದೊಳಗೆ ಬಂಡಿ ಕೊಂಡು ಒಂದು ಸಾವಿರವನ್ನು ಮುಟ್ಟದೆ ಇಟ್ಟವನು ಟೈರು, ಬ್ರೇಕು, ಬ್ಯಾಟರಿ, ವಿಮೆ ಇವನ್ನೆಲ್ಲ ನಿಶ್ಚಿಂತೆಯಿಂದ ಪೂರೈಸಿಕೊಳ್ಳುತ್ತಾನೆ. ಹಳೆಯ ಟೈರುಗಳ ಗೆರೆಗಳು ಆಳವಾಗಿ ಕಂಡರೂ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ. ಅವನ್ನು ಮೊದಲು ಬದಲಾಯಿಸತಕ್ಕದ್ದು. ಆನೆಯನ್ನು ಕೊಂಡವನು ಮೇವಿಗೂ ಹಣ ಇಟ್ಟುಕೊಂಡಿರಬೇಕು.

ಹೀಗಾದರೆ ಮೂರರಲ್ಲಿ ಯಾವುದು? ದಿನವೂ ಕಚೇರಿಗೆ ಹೋಗಿಬರಲು ಬೇಕು, ಕೈ ಮಸಿಯಾಗಬಾರದು ಎನ್ನುವವರಿಗೆ ಮಾಜ್ಡಾ. ಭಾನುವಾರ ಅಂಗಳದಲ್ಲಿ ಸ್ಪಾನರು ಹಿಡಿದು ಕುಳಿತುಕೊಳ್ಳುವುದೂ ಸಂತೋಷದ ಭಾಗವೇ ಎನ್ನುವವರಿಗೆ ಎಂ. ಜಿ. ಬಿ. ಕಡಮೆ ಹಣ, ಹೆಚ್ಚು ತಾಳ್ಮೆ ಉಳ್ಳವರಿಗೆ ಸ್ಪಿಟ್‌ಫೈರು. ಮಳೆಯಲ್ಲಿ ನಿಲ್ಲಿಸಲು ಮುಚ್ಚಿಗೆಯಿಲ್ಲದವರು, ಮೂರನೆಯವರನ್ನು ದಿನವೂ ಕರೆದೊಯ್ಯಬೇಕಾದವರು ಈ ಆಸೆಯನ್ನು ಸ್ವಲ್ಪಕಾಲ ಮುಂದೂಡುವುದೇ ವಿವೇಕ.

ಅವಸರವೊಂದೇ ಈ ವ್ಯಾಪಾರದಲ್ಲಿ ಕೊಳ್ಳುವವನ ಶತ್ರು. ಮಾರುವವನು ಮತ್ತೊಬ್ಬ ಗಿರಾಕಿ ದಾರಿಯಲ್ಲಿದ್ದಾನೆಂದು ಹೇಳಿದರೆ, ಅವನಿಗೇ ಕೊಡಿರೆಂದು ಹೇಳಿ ಬರುವಷ್ಟು ಧೈರ್ಯವಿರಬೇಕು. ಲಕ್ಷಗಟ್ಟಲೆ ತಯಾರಾದ ಬಂಡಿಗಳಿವು. ಒಂದು ತಪ್ಪಿದರೆ ಇನ್ನೊಂದು ದೊರೆಯುತ್ತದೆ. ಚಳಿಗಾಲದಲ್ಲಿ, ತೆರೆದ ಬಂಡಿಯನ್ನು ಯಾರೂ ಬಯಸದ ತಿಂಗಳುಗಳಲ್ಲಿ, ನಾಲ್ಕಾರು ಬಂಡಿಗಳನ್ನು ನೋಡಿ, ಅವುಗಳಲ್ಲಿ ಬಣ್ಣ ಮಾಸಿದ್ದರೂ ಒಡಲು ಗಟ್ಟಿಯಾಗಿರುವ ಒಂದನ್ನು ಆರಿಸಿಕೊಂಡವರಿಗೆ, ಮುಂದಿನ ವಸಂತದಲ್ಲಿ ಟಾಪನ್ನು ಮಡಿಸಿದಾಗ ಚಿಂತೆಯಿಲ್ಲದ ಸಂತೋಷ ದೊರೆಯಲೆಂದು ಹಾರೈಸುತ್ತೇವೆ.